ಟೋಕನ್ ಕೊಡೋಕೆ ಮುಂಚೆ ಆ ಮನೆ ಜಗಲಿ ಹತ್ತಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಉಳಿದವರು ಒಂದು ವಾರ ಕಾಯಬೇಕು, ಈ ಸಲದ ಜಾಗವೆಲ್ಲ ಇದಕ್ಕೇ.

ಬರೆದವರು ಮೂಡಿಗೆರೆ ಕಡೆಯವರು. ನಲವತ್ತೈದು ವರ್ಷ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಜೊತೆಗೆ ಐದೆಕರೆ ರೊಬಸ್ಟಾ. ಕಾಫಿಗೆ ಒಳ್ಳೆ ರೇಟ್ ಸಿಕ್ಕಿದ್ದರಿಂದ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಆಲ್ದೂರು ಹತ್ತಿರದ ಒಂದು ಎಸ್ಟೇಟಿನ ಶೆಡ್ಡಲ್ಲಿ 1951ರ ಎಂಜಿ ಟಿಡಿ ಅನ್ನೋ ಹಳೇ ಇಂಗ್ಲಿಷ್ ಕಾರು ನಿಂತಿದೆ. ಎರಡೇ ಸೀಟು, ಉದ್ದ ಬಾನೆಟ್, ಮೇಲೆ ಬಟ್ಟೆಯ ಹುಡ್. ಸ್ಕೂಲಿಗೆ ಹೋಗುವಾಗ ಇವರು ರಸ್ತೆ ಪಕ್ಕ ನಿಂತು ಅದು ಕಣ್ಮರೆಯಾಗುವ ತನಕ ನೋಡುತ್ತಿದ್ದರಂತೆ. ಎಸ್ಟೇಟಿನ ಯಜಮಾನರು 1998ರಲ್ಲಿ ತೀರಿಕೊಂಡರು, ಆಮೇಲೆ ಕಾರು ಹೊರಗೆ ಬಂದಿಲ್ಲ. ಬೆಂಗಳೂರಿನಲ್ಲಿರುವ ಮಗ ಈಗ ಒಂಬತ್ತು ಲಕ್ಷಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾನೆ. ಭಾನುವಾರ ಕೊಚ್ಚಿಯಿಂದ ಇನ್ನೊಂದು ಪಾರ್ಟಿ ನೋಡೋಕೆ ಬರುತ್ತಾರಂತೆ. ಮಗಳ ಕಾಲೇಜು ಮುಂದಿನ ವರ್ಷ, ಹಾಗಾಗಿ ಹೆಂಡತಿಗೆ ಇಷ್ಟವಿಲ್ಲ. ತಗೊಳ್ಳಲಾ, ಬೇಡವಾ ಅಂತ ಕೇಳಿದ್ದಾರೆ.

ನಾಲ್ಕು ಪುಟದ ಪತ್ರದಲ್ಲಿ ಮೂರು ಪುಟ ಕಾರಿನ ವರ್ಣನೆಯೇ. ಅದರ ಮಧ್ಯೆ ಒಂದು ಸಾಲು ಹೀಗಿದೆ: 'ಕಾರಿನ ಮೇಲೆ ಹೊದಿಸಿದ್ದ ಬೆಡ್‌ಶೀಟ್ ಮೊನ್ನೆ ತಾನೇ ಒಗೆದು ಹಾಕಿದ ಹಾಗಿತ್ತು, ಇದರಿಂದಲೇ ಗೊತ್ತಾಗುತ್ತೆ ಗಾಡಿ ಚೆನ್ನಾಗಿ ಮೇಂಟೇನ್ ಆಗಿದೆ ಅಂತ.' ಕೊನೇ ಪುಟದಲ್ಲಿ ಇನ್ನೊಂದು: 'ತಾಯಿ ಎಸ್ಟೇಟಲ್ಲೇ ಇದ್ದಾರೆ, ಅವರಿಗೆ ಇನ್ನೂ ಹೇಳಿಲ್ಲ, ಸುಮ್ನೆ ಬೇಜಾರು ಮಾಡ್ಕೋತಾರೆ ಅಂತ ಮಗ ಹೇಳಿದ.'

ನೋಡಿ, ಈ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ಇನ್ನೊಂದು ಸಲ ಓದಿ. ತೋಟದ ಶೆಡ್ಡು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಕಾಫಿ ಮೂಟೆ, ಸಿಪ್ಪೆ ಧೂಳು, ಗೊಬ್ಬರದ ಚೀಲ, ಮಳೆಗಾಲ ಬಂತೆಂದರೆ ಗೋಡೆಗೆಲ್ಲ ಬೂಸ್ಟು. ಅಂಥಾ ಜಾಗದಲ್ಲಿ ಬೆಡ್‌ಶೀಟ್ ಒಂದು ತಿಂಗಳೂ ಕ್ಲೀನಾಗಿ ಉಳಿಯಲ್ಲ. ಯಾರೋ ಅದನ್ನು ತೆಗೆದು, ಒಗೆದು, ಒಣಗಿಸಿ, ಮತ್ತೆ ತಂದು ಹೊದಿಸುತ್ತಿದ್ದಾರೆ. ಮಗ ಇರೋದು ಬೆಂಗಳೂರಲ್ಲಿ. ಇನ್ಯಾರು ಅಂತ ನಿಮಗೆ ಒಂದು ಕ್ಷಣವೂ ಅನ್ನಿಸಲಿಲ್ವಾ? ಗಂಡ ಹೋಗಿ ಇಷ್ಟು ವರ್ಷವಾದ ಮೇಲೂ ಆ ಹೆಂಗಸು ಅವರ ಕಾರಿಗೆ ಹೊದಿಕೆ ಬದಲಾಯಿಸುತ್ತಿದ್ದಾರೆ. ನೀವು ಅದನ್ನು ಗಾಡಿ ಕಂಡೀಷನ್ ಲೆಕ್ಕಕ್ಕೆ ಬರೆದುಕೊಂಡಿರಿ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮನೆ ಹೆಂಗಸರಿಗೆ ಹೇಳದೆ ಮಾಡುವ ವ್ಯಾಪಾರಕ್ಕೆ ಕೈ ಹಾಕಬೇಡಿ. ಸೈಟಾಗಲಿ, ಬಂಗಾರವಾಗಲಿ, ಕಾರಾಗಲಿ. ಇಲ್ಲಿ ಇದು ಬರೀ ಮನಸ್ಸಿನ ವಿಷಯವೂ ಅಲ್ಲ. ಆರ್‌ಸಿ ಇನ್ನೂ ತೀರಿಹೋದ ಯಜಮಾನರ ಹೆಸರಲ್ಲೇ ಇದೆ ಅಂತ ನೀವೇ ಬರೆದಿದ್ದೀರಿ, ಆ ಮಗನ ಅಕ್ಕ ಒಬ್ಬರು ಮದುವೆಯಾಗಿ ಮಂಗಳೂರಲ್ಲಿದ್ದಾರೆ ಅಂತಲೂ. ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಮಗ ಒಬ್ಬನೇ ಮಾರೋಕೆ ಬರಲ್ಲ. ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ ಫಾರಂ 31 ಹಾಕಿ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕಿತ್ತು, ಅದೂ ಆಗಿಲ್ಲ. ಇವತ್ತು ದುಡ್ಡು ಕೊಟ್ಟು ಕಾರನ್ನು ಲಾರಿಗೆ ಹತ್ತಿಸಿಕೊಂಡು ಬಂದರೆ ನಿಮ್ಮ ಮನೆಗೆ ಬರೋದು ಕಬ್ಬಿಣ ಮಾತ್ರ, ಕಾಗದದಲ್ಲಿ ಅದು ನಿಮ್ಮದಾಗಲ್ಲ.

ನನಗೆ ಮಗನ ಮೇಲೆ ಅಷ್ಟೇನೂ ಕೋಪವಿಲ್ಲ. ತಾಯಿ ಎದುರು ಈ ಮಾತು ಎತ್ತೋಕೆ ಅವನಿಗೆ ಧೈರ್ಯ ಬಂದಿರಲಿಕ್ಕಿಲ್ಲ, ಅಂಥಾ ಮಕ್ಕಳು ಎಲ್ಲಾ ಮನೆಯಲ್ಲೂ ಇದ್ದಾರೆ. ನನ್ನ ಕೋಪವೆಲ್ಲ ನಿಮ್ಮ ಭಾವಮೈದನ ಮೇಲೆ. 'ಟೋಕನ್ ಕೊಟ್ಬಿಡಿ ಭಾವ, ಆಮೇಲೆ ಆ ಯಮ್ಮ ಹಿಂದೆ ಸರಿಯೋಕಾಗಲ್ಲ' ಅಂದನಂತಲ್ಲ, ಆ ಮನುಷ್ಯ ಯಾರ ಮನೆ ಹಾಳು ಮಾಡೋಕೆ ಹೊರಟಿದ್ದಾನೆ? ದುಡ್ಡು ಅವನದಲ್ಲ. ನಾಳೆ ಆಲ್ದೂರು ಸಂತೆಯಲ್ಲಿ ಆ ತಾಯಿಗೆ ಮುಖ ಕೊಟ್ಟು ಮಾತಾಡಬೇಕಾದವನೂ ಅವನಲ್ಲ. ಇದು ಇನ್ವೆಸ್ಟ್‌ಮೆಂಟು, ರೆಡಿ ಮಾಡಿಸಿದರೆ ಮೂರು ಪಟ್ಟು ಅಂತ ಬೇರೆ ಹೇಳಿದ್ದಾನೆ. ರೆಡಿ ಮಾಡಿಸೋದು ಅಂದರೆ ಏನು ಅಂತ ಅವನಿಗೆ ಗೊತ್ತಿದ್ದ ಹಾಗೆ ಕಾಣಲ್ಲ.

ಟಿಡಿ ಕಾರಿನ ಬಾಡಿ ಒಳಗೆ ಮರದ ಚೌಕಟ್ಟಿರುತ್ತೆ, ಆ್ಯಶ್ ಅನ್ನೋ ವಿಲಾಯತಿ ಮರ. ಹೊರಗೆ ತಗಡು, ಅದನ್ನು ಹಿಡಿದು ನಿಲ್ಲಿಸೋದು ಮರ. ನಮ್ಮ ಮಲೆನಾಡಿನ ಥಂಡಿಯಲ್ಲಿ, ಗೆದ್ದಲಿನ ಊರಲ್ಲಿ, ಇಪ್ಪತ್ತೈದು ವರ್ಷಕ್ಕೂ ಜಾಸ್ತಿ. ನೀವು ಪೇಂಟ್ ಹೊಳೆಯುತ್ತಿತ್ತು ಅಂತ ಬರೆದಿರಿ. ಬಾಗಿಲು ತೆಗೆದು, ಅದರ ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿದಿರಾ? ಹಿಂಜಿನ ಜೊತೆ ಕಂಬವೂ ಅಲ್ಲಾಡಿದರೆ ಒಳಗಿನ ಮರ ಹೋಗಿದೆ ಅಂತಲೇ ಅರ್ಥ. ಆಮೇಲೆ ಟಿಂಕರಿಂಗ್ ಸಾಲಲ್ಲ, ಬಡಗಿ ಬೇಕು, ಅದೂ ಹಳೇ ಕಾರಿನ ಬಾಡಿ ಕಟ್ಟಿ ಗೊತ್ತಿರೋ ಬಡಗಿ. ಬ್ರೇಕ್ ಆಯಿಲ್ ತೇವ ಹೀರಿ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದಿರುತ್ತವೆ. ಈಗಿನ ಪೆಟ್ರೋಲಲ್ಲಿ ಎಥನಾಲ್ ಶೇಕಡ 20ರ ತನಕ ಇದೆ, ಹಳೇ ರಬ್ಬರ್ ಪೈಪಿಗೆ ಅದು ಆಗಿಬರಲ್ಲ. ಬಿಡಿಭಾಗಕ್ಕೆ ಈಗಿನ ಎಂಜಿ ಶೋರೂಮಿಗೆ ಹೋಗಿ ಕೇಳಿ ಪ್ರಯೋಜನವಿಲ್ಲ. ಈ ಮಾಡೆಲ್ಲು ಹೆಚ್ಚಾಗಿ ಹೋಗಿದ್ದು ಅಮೆರಿಕಕ್ಕೆ, ಹಾಗಾಗಿ ಅಲ್ಲಿಂದ, ಇಂಗ್ಲೆಂಡಿಂದ ಸಾಮಾನು ಇವತ್ತಿಗೂ ಸಿಗುತ್ತೆ, ಆದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಮಾತು. ಬ್ಯಾಟರಿ ತಂದು ಸೆಲ್ಫ್ ಹೊಡೆದು ನೋಡೋಣ ಅಂತ ಮಗ ಹೇಳಿದನಂತಲ್ಲ, ದಯವಿಟ್ಟು ಬೇಡ. ಪಿಸ್ಟನ್ ರಿಂಗು ತುಕ್ಕಿಗೆ ಅಂಟಿಕೊಂಡಿದ್ದರೆ ಒಂದೇ ಸಲಕ್ಕೆ ಮುರಿಯುತ್ತೆ, ಎಂಜಿನ್ ಸಿಲಿಂಡರಿನ ಒಳಗೋಡೆಗೆ ಗೀರು ಬೀಳುತ್ತೆ. ನಾಲ್ಕೂ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಹಾಗೇ ಬಿಟ್ಟು, ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಪ್ರತಿ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಗೆ ಹೋಗೋ ಆಸೆ ಅಂತಲೂ ಬರೆದಿದ್ದೀರಿ. ಓದಿ ಖುಷಿಯಾಯಿತು, ನಿಜವಾಗಿಯೂ. ಆದರೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗಳಿಗೆ 2021ರಲ್ಲಿ ಬಂದ ಕೇಂದ್ರದ ವಿಂಟೇಜ್ ನಿಯಮ ಓದಿಕೊಳ್ಳಿ. ಅದರಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಹಳೇ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಮಾಮೂಲಿ ಓಡಾಟಕ್ಕೆ ತೆಗೆಯುವ ಹಾಗಿಲ್ಲ. ರ್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ, ಇಂಥದ್ದಕ್ಕೆ ಮಾತ್ರ. ನಿಮ್ಮ ಭಾನುವಾರಗಳು ಅದರಲ್ಲಿ ಬರಲ್ಲ. ಈ ಒಂದು ವಿಷಯ ಆರ್‌ಟಿಓ ಆಫೀಸಲ್ಲಿ ಮೊದಲೇ ವಿಚಾರಿಸಿ.

ನಿಮ್ಮ ಹೆಂಡತಿ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ ಇಲ್ಲ. ಮಗಳ ಫೀಸು ತೆಗೆದಿಟ್ಟ ಮೇಲೆ ಉಳಿದ ದುಡ್ಡಲ್ಲಿ ನಲವತ್ತೈದರ ಗಂಡಸು ಹುಡುಗುತನದ ಆಸೆಯೊಂದನ್ನು ತೀರಿಸಿಕೊಂಡರೆ ಲೋಕ ಮುಳುಗಲ್ಲ. ಇಷ್ಟು ವರ್ಷ ಅಂಗಡಿ, ತೋಟ ಅಂತ ದುಡಿದಿದ್ದೀರಿ. ಆದರೆ 'ಯಾರ ಕಾರು, ಯಾರು ಕೊಡ್ತಿದ್ದಾರೆ' ಅಂತ ನಿಮ್ಮ ಮನೆಯಲ್ಲಿ ಕೇಳಿದ್ದು ಅವರೊಬ್ಬರೇ, ಅದನ್ನೂ ನೀವು ತಕರಾರು ಅಂತ ಬರೆದಿದ್ದೀರಿ.

ಹಾಗಾಗಿ ನಾನು ಹೇಳೋದು ಒಂದೇ. ಭಾನುವಾರಕ್ಕೆ ಮುಂಚೆ ಹೆಂಡತಿಯನ್ನು ಕರೆದುಕೊಂಡು ಆಲ್ದೂರಿಗೆ ಹೋಗಿ. ಅಮ್ಮನ ಹತ್ತಿರ ಮಾತಾಡ್ತೀನಿ ಅಂತ ಹಿಂದಿನ ದಿನವೇ ಮಗನಿಗೆ ಫೋನ್ ಮಾಡಿ ಹೇಳಿ, ಕದ್ದು ಹೋಗಬೇಡಿ. ಶೆಡ್ಡಿನ ಕಡೆ ತಿರುಗದೆ ನೇರ ಜಗಲಿ ಹತ್ತಿ ಕೂತು, 'ಅಮ್ಮಾ, ಯಜಮಾನರ ಕಾರು ಕೊಡೋ ಮಾತು ಬಂದಿದೆ, ನಿಮಗೆ ಮನಸ್ಸಿದೆಯಾ' ಅಂತ ಕೇಳಿ. ಇಲ್ಲ ಅಂದರೆ ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ, ಇನ್ನೊಂದು ಸಲ ಕೇಳಬೇಡಿ. ಹೂಂ ಅಂದರೆ ಅಲ್ಲೇ ಮಂಗಳೂರಿನ ಮಗಳಿಗೂ ಫೋನ್ ಹಚ್ಚಿಸಿ. ಮೂವರೂ ಒಪ್ಪಿ, ಆರ್‌ಸಿ ಆ ತಾಯಿಯ ಹೆಸರಿಗಾದ ಮೇಲೆ ದುಡ್ಡನ್ನು ಅವರ ಅಕೌಂಟಿಗೇ ಹಾಕಿ. ಅಲ್ಲಿಯವರೆಗೆ ಟೋಕನ್ ಅಂತ ಒಂದು ರೂಪಾಯಿಯೂ ಕೊಡಬೇಡಿ, ಭಾವಮೈದ ಎಷ್ಟು ಸಲ ಫೋನ್ ಮಾಡಿದರೂ ಸರಿ.