ತೇಗ ಬಲಿಯಲು ದಶಕಗಳೇ ಬೇಕು. ಸರ್ಕಾರದ ನೆಡುತೋಪಿನಿಂದ ಹಳ್ಳಿಯವರಿಗೆ ಈಗಲೇ ಕೆಲಸ ಸಿಗುವುದು ಹೇಗೆ?

ಹೆಚ್ಚಿನ ಕೂಲಿ ಕೆಲಸ ಹುಟ್ಟುವುದು ಮರ ಕಡಿಯುವಾಗ ಅಲ್ಲ, ನೆಟ್ಟ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ.

2 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಸಸಿ. ನರ್ಸರಿಯ ಗಿಡವನ್ನು ಕಿತ್ತು, ಎಲೆ ಮತ್ತು ಪಕ್ಕದ ಬೇರು ಸವರಿ, ಬುಡ-ಬೇರಿನ ಗೇಣುದ್ದದ ತುಂಡಷ್ಟೇ ಉಳಿಸಿ, ಹಾರೆಯಿಂದ ಕುಳಿ ತೋಡಿ ಒಂದೊಂದನ್ನೂ ಕೈಯಿಂದಲೇ ಊರಬೇಕು. ತೇಗಕ್ಕೆ ನೆರಳು ಆಗಿಬರುವುದಿಲ್ಲ. ಹುಲ್ಲು ಎತ್ತರಕ್ಕೆ ಬಂದರೆ ಸಸಿ ಸೊರಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮತ್ತೆ ಮತ್ತೆ ಕಳೆ ಕೀಳಬೇಕು, ಬೇಸಿಗೆಗೆ ಮುಂಚೆ ಬೆಂಕಿ ರೇಖೆ (ಬೆಂಕಿ ಹರಡದಂತೆ ಹುಲ್ಲು ತೆಗೆದ ಖಾಲಿ ಪಟ್ಟಿ) ಸವರಬೇಕು. ಯಂತ್ರಕ್ಕೆ ಒಗ್ಗದ ಕೆಲಸ ಇದು, ಅದಕ್ಕೇ ಖರ್ಚಿನ ದೊಡ್ಡ ಪಾಲು ಕೂಲಿಗೇ ಹೋಗುತ್ತದೆ.

ಆಮೇಲೆ ಕೆಲಸ ಇಳಿಯುತ್ತದೆ. ದಟ್ಟಣೆ ತಗ್ಗಿಸಲು ಕೆಲ ಮರ ತೆಗೆಯುವಾಗ ಮತ್ತೆ ಆಳು ಬೇಕು. ಇಲ್ಲಿ ಮಹಾರಾಷ್ಟ್ರದಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ 1974ರಲ್ಲಿ ಶುರುವಾಯಿತು, ಚಂದ್ರಪುರದ ಕಡೆ ತೇಗ ಬೆಳೆಸುತ್ತದೆ. ಇಂಥ ಕಡೆ ನನಗೆ ಮುಖ್ಯವೆನಿಸುವುದು ಒಟ್ಟು ಎಷ್ಟು ನೆಟ್ಟರು ಎಂಬುದಲ್ಲ, ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಜಾಗದಲ್ಲಿ ನೆಡುವುದು. ಒಂದೇ ವರ್ಷ ಭಾರೀ ನೆಟ್ಟು ಸುಮ್ಮನಾದರೆ, ಆ ಊರಿನವರೂ ನಮ್ಮ ಕಲಬುರಗಿ, ವಿಜಯಪುರದವರಂತೆ ಪುಣೆಯ ಕಟ್ಟಡ ಕೆಲಸ ಹುಡುಕಿಕೊಂಡು ಬರಬೇಕಾಗುತ್ತದೆ.