ಚಿಕಿತ್ಸೆ ಮುಗಿಸಿ ಮಗ ಮನೆಗೆ ಬರುತ್ತಿದ್ದಾನೆ

ಪ್ರಶ್ನೆ: ಮಗನಿಗೆ 24 ವರ್ಷ. ಓದುವಾಗ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯ ಚಟ ಹತ್ತಿತ್ತು. ಒಂದೂವರೆ ತಿಂಗಳ ಚಿಕಿತ್ಸೆ ಮುಗಿಸಿ ಹುತ್ತರಿ ಹಬ್ಬಕ್ಕೆ ಬರುತ್ತಿದ್ದಾನೆ. ಆ ಮಾತ್ರೆಯ ಅಮಲು ಏರದಂತೆ ತಡೆಯುವ ನಾಲ್ಟ್ರೆಕ್ಸೋನ್ ಎಂಬ ಮದ್ದು ಬರೆದುಕೊಟ್ಟಿದ್ದಾರೆ. ತೋಟದ ಮನೆಯಿಂದ ಹೊರಗೆ ಬಿಡಬಾರದು ಅಂತಾರೆ ಯಜಮಾನರು. ನಾವೇನು ಮಾಡಬೇಕು?
– ಓದುಗರು, ಗೋಣಿಕೊಪ್ಪಲು

ಉತ್ತರ: ಮೊದಲು ಒಂದು ಅಪಾಯ ತಿಳಿದಿರಲಿ. ಇಷ್ಟು ದಿನ ಮಾತ್ರೆ ಬಿಟ್ಟ ದೇಹಕ್ಕೆ ಹಳೆಯ ತಾಳಿಕೆ ಇರುವುದಿಲ್ಲ. ಹಿಂದೆ ನುಂಗುತ್ತಿದ್ದಷ್ಟನ್ನೇ ಈಗ ನುಂಗಿದರೂ ಉಸಿರು ನಿಲ್ಲಬಹುದು, ಮದ್ಯ ಸೇರಿದರಂತೂ ಇನ್ನೂ ಬೇಗ. ಹಾಗಾಗಿ ನೆಂಟರು ಬಂದರೂ ಈ ಹುತ್ತರಿಗೆ ಮನೆಯಲ್ಲಿ ಬಾಟಲಿ ಬೇಡ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಯಾದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಏನು ನುಂಗಿದ್ದಾನೆಂಬುದನ್ನು ಮುಚ್ಚಿಡಬೇಡಿ. ಚಟ ಬಿಟ್ಟ ಮೊದಲ ತಿಂಗಳುಗಳಲ್ಲಿ ಮನಸ್ಸು ಕುಗ್ಗುವುದುಂಟು. ಕೋವಿ, ತೋಟದ ಕೀಟನಾಶಕ ಎರಡಕ್ಕೂ ಬೀಗ ಹಾಕಿ, ಬೀಗದಕೈ ಯಜಮಾನರ ಹತ್ತಿರ ಇರಲಿ.

ನಾಲ್ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಬೆಳಗಿನ ತಿಂಡಿಯಾದ ಮೇಲೆ ನಿಮ್ಮ ಕಣ್ಣೆದುರೇ ನುಂಗಲಿ, ಆದರೆ ಅವನ ಒಪ್ಪಿಗೆಯಿಂದ. ಊಟದಲ್ಲಿ ಕದ್ದು ಬೆರೆಸಲೇಬೇಡಿ: ಅವನು ಗುಟ್ಟಾಗಿ ಮತ್ತೆ ಹಳೆಯ ಮಾತ್ರೆ ಶುರುಮಾಡಿದ್ದರೆ ಇದು ಕೆಲವೇ ನಿಮಿಷಗಳಲ್ಲಿ ವಾಂತಿ, ಭೇದಿ, ಮೈಕೈ ಸೆಳೆತ ತರಿಸಿ ಆಸ್ಪತ್ರೆಗೆ ಹಾಕುತ್ತದೆ. ‘ಈಗ ಚೆನ್ನಾಗಿದ್ದಾನಲ್ಲ’ ಎಂದು ಎರಡೇ ತಿಂಗಳಿಗೆ ನಿಲ್ಲಿಸುವುದು ಹೆಚ್ಚಿನ ಮನೆಗಳವರು ಮಾಡುವ ತಪ್ಪು. ಎಷ್ಟು ತಿಂಗಳು ಎಂಬುದನ್ನು, ಯಕೃತ್ತಿನ ರಕ್ತಪರೀಕ್ಷೆ ಯಾವಾಗ ಎಂಬುದನ್ನು ವೈದ್ಯರೇ ಹೇಳಬೇಕು. ಹಲ್ಲಿನ ಡಾಕ್ಟರಿಗೂ ಈ ಮಾತ್ರೆಯ ವಿಷಯ ತಿಳಿಸಿ, ಕೆಲವು ನೋವಿನ ಮದ್ದು ಇದರ ಮುಂದೆ ಕೆಲಸ ಮಾಡುವುದಿಲ್ಲ.

ಕೂಡಿಹಾಕುವುದರಿಂದ ಚಟ ಹೋಗದು, ಫಾಲೋಅಪ್ ಮಾತ್ರ ತಪ್ಪುತ್ತದೆ. ಕಾಫಿ ಕೊಯ್ಲು ಶುರುವಾಗುವ ಹೊತ್ತು, ನಿಗದಿತ ವೇಳೆಗೆ ಅವನೂ ತೋಟಕ್ಕೆ ಬರಲಿ. ಆದರೆ ಬಟವಾಡೆಯ ದುಡ್ಡು ಸದ್ಯಕ್ಕೆ ಅವನ ಕೈಗೆ ಬೇಡ. ಸಾಲವಿದ್ದರೆ ಅವನೊಂದಿಗೆ ಕೂತು ಪಟ್ಟಿ ಮಾಡಿ, ಕೊಡಬೇಕಾದವರಿಗೆ ನೇರವಾಗಿ ಕೊಡಿ. ಅಪ್ಪ ಇಲ್ಲವೆಂದದ್ದನ್ನು ಅಮ್ಮ ಹಿಂದಿನಿಂದ ಕೊಟ್ಟರೆ ಇಬ್ಬರ ಮಾತಿಗೂ ಬೆಲೆ ಉಳಿಯುವುದಿಲ್ಲ, ನಿಮ್ಮನ್ನು ಬೇಡಿಕೊಳ್ಳುತ್ತಿರುವುದು ಇದೊಂದನ್ನೇ.

ಮತ್ತೆ ನುಂಗಿದ್ದು ಗೊತ್ತಾದರೆ ರಾತ್ರಿ ಜಗಳ ಬೇಡ, ಒಬ್ಬನೇ ಮಲಗಲು ಬಿಡಬೇಡಿ, ಮರುದಿನವೇ ವೈದ್ಯರಲ್ಲಿಗೆ ಹೋಗಿ. ನಿಮಗೇ ತಡೆಯಲಾರದೆ ಅಳು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.