ಟ್ಯಾಂಕಿಗೆ ಟ್ರೈಕೋಡರ್ಮಾ ಪುಡಿ, ಬೆಲ್ಲ ಹಾಕಬಹುದಾ?

ಸರ್, ಮಂಡ್ಯದಲ್ಲಿ ಮಣ್ಣಿಲ್ಲದೆ ಪೈಪಲ್ಲಿ ಪೋಷಕಾಂಶದ ನೀರು ಹರಿಸಿ (ಹೈಡ್ರೋಪೋನಿಕ್ಸ್) ಬೆಳೆದ ಲೆಟ್ಯೂಸ್ ಬೇರು ಕಂದು ಬಣ್ಣಕ್ಕೆ ತಿರುಗಿದೆ, 200 ಲೀಟರ್ ಟ್ಯಾಂಕಿಗೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ, ಬೆಲ್ಲ ಹಾಕಲಾ ಅಂತ ಕೇಳಿದ್ದೀರಿ.

ಬೆಲ್ಲ ಖಂಡಿತ ಬೇಡ. ಜೀವಾಮೃತಕ್ಕೆ ಅದು ಸರಿ. ಈ ಟ್ಯಾಂಕಿನ ನೀರಲ್ಲಿ ಸಿಕ್ಕಸಿಕ್ಕ ಬ್ಯಾಕ್ಟೀರಿಯಾ ಅದನ್ನೇ ತಿಂದು ಹೆಚ್ಚಿ, ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ, ಪೈಪಲ್ಲಿ ಲೋಳೆ ಕಟ್ಟುತ್ತದೆ. ಟ್ರೈಕೋಡರ್ಮಾ ಪುಡಿಯಲ್ಲಿರುವುದು ಬಹುಪಾಲು ಟಾಲ್ಕ್ (ಕಲ್ಲಿನ ನುಣ್ಣನೆ ಪುಡಿ), ಅದು ಕರಗಲ್ಲ, ಪಂಪಿನ ಜಾಲರಿಗೆ ಕೂರುತ್ತದೆ. ಆ ಟ್ರೈಕೋಡರ್ಮಾ ಪುಡಿಯನ್ನು ಸಸಿ ಬೆಳೆಸುವ ಕೋಕೋಪೀಟಿಗೆ (ತೆಂಗಿನ ನಾರಿನ ಪುಡಿಗೆ) ಕಿಲೋಗೆ 10 ಗ್ರಾಂ ಬೆರೆಸಿ, ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮೊದಲು ಒಂದು ಬೇರನ್ನು ಬೆರಳಲ್ಲಿ ಹಿಡಿದು ಎಳೆದು ನೋಡಿ. ಸಿಪ್ಪೆ ಜಾರಿ ಒಳಗಿನ ನೂಲಿನಂಥ ಎಳೆ ಮಾತ್ರ ಉಳಿದರೆ ಅದು ಹೆಚ್ಚಾಗಿ ಪಿಥಿಯಂ ಕೊಳೆ (ನೀರಲ್ಲಿ ಹರಡುವ ಶಿಲೀಂಧ್ರದಂಥ ಜೀವಿಯಿಂದ ಬರುವ ಬೇರುಕೊಳೆ). ಅಂಥ ಗಿಡ ಕಿತ್ತು ಬಿಸಾಕಿ, ಟ್ಯಾಂಕ್ ತೊಳೆದು ಹೊಸ ಪೋಷಕಾಂಶದ ದ್ರಾವಣ ತುಂಬಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಆಮೇಲೆ ದ್ರವರೂಪದ ಬ್ಯಾಸಿಲಸ್ ಸಬ್ಟಿಲಿಸ್ (ಉಪಕಾರಿ ಬ್ಯಾಕ್ಟೀರಿಯಾ) ಲೀಟರಿಗೆ 1 ಮಿಲಿಯಂತೆ ಸಂಜೆ ಹಾಕಿ, ಪ್ರತಿ ಸಲ ದ್ರಾವಣ ಬದಲಿಸಿದಾಗಲೂ ಹಾಕಬೇಕು. ರೋಗಾಣು ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬೇಡವೇ ಬೇಡ, ಈ ಉಪಕಾರಿ ಬ್ಯಾಕ್ಟೀರಿಯಾವೂ ಸಾಯುತ್ತವೆ.

ಮೈಕೋರೈಜಾಗೆ (ಬೇರಿಗೆ ಅಂಟಿ ಬೆಳೆಯುವ ಉಪಕಾರಿ ಶಿಲೀಂಧ್ರಕ್ಕೆ) ದುಡ್ಡು ಸುರಿಯಬೇಡಿ: ದ್ರಾವಣದಲ್ಲಿ ರಂಜಕ ಧಾರಾಳವಾಗಿದ್ದರೆ ಅದು ಬೇರಿಗೆ ಸರಿಯಾಗಿ ಹತ್ತುವುದಿಲ್ಲ.

ನೀರು 24 ಡಿಗ್ರಿ ದಾಟದಂತೆ ಟ್ಯಾಂಕಿಗೆ ನೆರಳು ಮಾಡಿ, ನೀರಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಗಲೂ ರಾತ್ರಿ ಓಡಲಿ. ಬೇಸಿಗೆಯಲ್ಲಿ ಇದು ತಪ್ಪಿದರೆ ಯಾವ ಸೂಕ್ಷ್ಮಜೀವಿಯೂ ಕಾಪಾಡಲ್ಲ.